ಒಂಬತ್ತು ಹಳೆಯ ಕಂಪ್ಯೂಟರ್ ಕೊಟ್ಟು ಒಂದು ಕೀಬೋರ್ಡ್ ತಂದೆ: ರಾಸ್‌ಬೆರಿ ಪೈ 400 ಬಳಸಿದ ಅನುಭವ

ಕೀಬೋರ್ಡಿನೊಳಗೇ ಕೂತ ಪುಟ್ಟ ಕಂಪ್ಯೂಟರ್ ಈ ರಾಸ್‌ಬೆರಿ ಪೈ 400, ಹೊಸ ಸಾಮಾನೇನಲ್ಲ. 2020ರ ನವೆಂಬರಿನಲ್ಲಿ ಬಂದದ್ದು. ಅದರ ವೇಗ, ಮೆಮೊರಿ ಎಲ್ಲವನ್ನೂ ಅಳೆದು ತೂಗಿದ ವಿಮರ್ಶೆಗಳು ಬೇಕಾದಷ್ಟಿವೆ. ನನ್ನ ಲೆಕ್ಕ ಬೇರೆ. ನಮ್ಮ ಮನೆಯಲ್ಲಿ ಒಂಬತ್ತು ಹಳೆಯ ಹೋಮ್ ಕಂಪ್ಯೂಟರ್ ಇದ್ದವು, ಈಗ ಒಂದೂವರೆ ಇದೆ. ಆ ಒಂದು ಅಂದರೆ ಈ ಪೈ 400. ಅರ್ಧ ಯಾವುದು ಅಂತ ಆಮೇಲೆ ಹೇಳುತ್ತೇನೆ.

ಹಳೆಯ ಬಾಡಿಗೆ ಮನೆಯಲ್ಲಿ ಮಹಡಿ ಮೇಲೊಂದು ರೂಮಿತ್ತು, ಹದಿನೈದು ವರ್ಷ ಅದನ್ನು ನಾನೊಬ್ಬನೇ ತುಂಬಿಸಿದ್ದೆ. ಹೊಸ ಫ್ಲ್ಯಾಟಿನಲ್ಲಿ ಬಾತ್‌ರೂಮಿನ ಮೇಲೆ ಒಂದು ಸಜ್ಜ ಇದೆ, ಅದರಲ್ಲೂ ಅರ್ಧ ಜಾಗ ಗೀಸರಿಗೆ. "ಗೀಸರ್ ಪಕ್ಕ ಎಷ್ಟು ಹಿಡಿಯುತ್ತೋ ಅಷ್ಟು ಇಟ್ಕೊಳ್ಳಿ" ಅಂದಳು ಹೆಂಡತಿ. ಅಳತೆ ಪಟ್ಟಿ ಹಿಡಿದು ನೋಡಿದೆ. ಎರಡು ಡಬ್ಬ ಹಿಡಿಯುತ್ತವೆ.

ಇದ್ದದ್ದು ಇಷ್ಟು. ರಬ್ಬರ್ ಕೀ ಇರುವ ಸಿಂಕ್ಲೇರ್ ಸ್ಪೆಕ್ಟ್ರಂ ಒಂದು, ಸ್ಪೆಕ್ಟ್ರಂ ಪ್ಲಸ್ ಒಂದು, ಅದರ ಭಾರತದ ಅಣ್ಣತಮ್ಮ ಡಿಬಿ ಸ್ಪೆಕ್ಟ್ರಂ ಪ್ಲಸ್ ಒಂದು, ಕಮಡೋರ್ 64 ಎರಡು, ಆಮ್‌ಸ್ಟ್ರಾಡ್ ಸಿಪಿಸಿ 464, ಅಮಿಗಾ 500, ಬಿಬಿಸಿ ಮೈಕ್ರೊ, ಮತ್ತೆ ಸಖರ್ ಅನ್ನುವ ಅರಬ್ಬಿ ಕೀಬೋರ್ಡಿನ, ಎಂಎಸ್‌ಎಕ್ಸ್ ಬಗೆಯ ಕಂಪ್ಯೂಟರ್. ಸಖರ್ ಯಾಕೆ ಬಂತು ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಕುವೈತಿನ ಕಂಪನಿಯೊಂದು ಗಲ್ಫ್ ದೇಶಗಳಲ್ಲಿ ಮಾರುತ್ತಿದ್ದ ಯಂತ್ರ ಅದು. ನನ್ನ ಸೋದರಮಾವ 1988ರಲ್ಲಿ ರಜೆಗೆ ಬಂದಾಗ ಟೇಪ್ ರೆಕಾರ್ಡರ್, ಟ್ಯಾಂಗ್ ಡಬ್ಬಗಳ ಜೊತೆ ಇದನ್ನೂ ತಂದಿದ್ದರು. ಎರಡು ವರ್ಷಕ್ಕೆ ಇರಾಕ್ ಕುವೈತಿನ ಒಳಗೆ ನುಗ್ಗಿತು, ಮಾವ ಒಂದು ಬ್ಯಾಗ್ ಹಿಡಿದು ವಾಪಸ್ ಬಂದರು, ಅಲ್ಲಿ ಬಿಟ್ಟುಬಂದ ಸಾಮಾನು ಎಷ್ಟೋ. ಹಾಗಾಗಿ ಸಖರನ್ನು ಮಾರುವ ಮಾತೇ ಇರಲಿಲ್ಲ. ಮಾವನ ಮಗನ ಮನೆಗೆ ಕೊಟ್ಟು ಬಂದೆ. ಅವನ ಮಗಳು ಕೀ ಮೇಲಿನ ಅಕ್ಷರ ನೋಡಿ "ಇದು ಉರ್ದುವಾ?" ಅಂತ ಕೇಳಿದಳು. ಅಲ್ಲಿಗೆ ಎಂಟು ಉಳಿಯಿತು.

ಬಿಬಿಸಿ ಮೈಕ್ರೊ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಪೈ ತಗೊಂಡದ್ದೇ ಇದರ ದೆಸೆಯಿಂದ. ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ತರುವ ಕ್ಲಾಸ್ ಯೋಜನೆ 1984-85ರಲ್ಲಿ ಶುರುವಾದಾಗ ಆರಿಸಿದ್ದು ಬಿಬಿಸಿ ಮೈಕ್ರೊವನ್ನೇ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ಯುನಿಕಾರ್ನ್ ಅನ್ನುವ ಹೆಸರಿನಲ್ಲಿ ಇಲ್ಲಿ ಮಾರಿತು. ನನ್ನ ಬಳಿ ಇದ್ದದ್ದು ಒಂದು ಶಾಲೆಯ ಹರಾಜಿನಲ್ಲಿ ಬೆಂಚು, ಫ್ಯಾನುಗಳ ಜೊತೆ ಬಂದ ಯುನಿಕಾರ್ನ್. ಶಾಲೆಯಲ್ಲಿ ಅದನ್ನು ಎಷ್ಟು ಜೋಪಾನ ಮಾಡಿದ್ದರು ಅಂದರೆ ಕೀಗಳು ಸವೆದೇ ಇರಲಿಲ್ಲ. ಮಕ್ಕಳ ಕೈ ಅದಕ್ಕೆ ತಾಗಿದ್ದು ಕಡಿಮೆ ಅಂತ ಕಾಣುತ್ತದೆ. ಎಸಿ ಇರುವ ರೂಮು, ಚಪ್ಪಲಿ ಬಿಟ್ಟು ಒಳಗೆ ಬರಬೇಕು, ವಾರಕ್ಕೊಂದು ಪೀರಿಯಡ್. ನಮ್ಮ ಕಾಲದವರಿಗೆಲ್ಲ ಗೊತ್ತಿರುವುದೇ.

ಇದನ್ನು ಮಾಡಿದ ಬ್ರಿಟನ್ನಿನ ಏಕಾರ್ನ್ ಕಂಪನಿಯವರು ತಮ್ಮದೇ ಒಂದು ಪ್ರೊಸೆಸರ್ ಬೇಕು ಅಂತ ಹೊರಟರು. ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಇಬ್ಬರೂ ಸೇರಿ ಅದನ್ನು ವಿನ್ಯಾಸ ಮಾಡಿದರು. ಚಿಪ್ ಕೈಗೆ ಬರುವ ಮೊದಲು ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ವಿಲ್ಸನ್ ಬಿಬಿಸಿ ಮೈಕ್ರೊದ ಪ್ರೋಗ್ರಾಂ ಭಾಷೆಯಾದ ಬಿಬಿಸಿ ಬೇಸಿಕ್‌ನಲ್ಲೇ ಬರೆದು ನೋಡಿದ್ದರು. 1985ರ ಏಪ್ರಿಲ್ 26ರಂದು ಮೊದಲ ಆರ್ಮ್ ಚಿಪ್ ಓಡಿತು. ಈಗ ನಿಮ್ಮ ಜೇಬಿನ ಫೋನಿನಲ್ಲಿರುವುದು ಅದರ ವಂಶ. ಪೈ 400ರ ಒಳಗಿರುವುದೂ ಅದೇ ವಂಶ. ರಾಸ್‌ಬೆರಿ ಪೈ ಮಾಡಿದವರು ಮೊದಲ ಬೋರ್ಡುಗಳಿಗೆ ಮಾಡೆಲ್ ಎ, ಮಾಡೆಲ್ ಬಿ ಅಂತ ಹೆಸರಿಟ್ಟದ್ದೂ ಬಿಬಿಸಿ ಮೈಕ್ರೊ ನೆನಪಿಗೆ. ಅಂದರೆ ಅಜ್ಜನನ್ನು ಕಳಿಸಿ ಮೊಮ್ಮಗನನ್ನು ಮನೆಗೆ ಕರೆದುಕೊಂಡ ಹಾಗೆ. ಯುನಿಕಾರ್ನ್ ಈಗ ಸ್ನೇಹಿತರೊಬ್ಬರು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿದೆ. ಕೊಡುವ ಮೊದಲು ಪವರ್ ಸಪ್ಲೈ ಒಳಗಿನ ಹಳೆಯ ಮೈನ್ಸ್ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಾಯಿಸಿದೆ. ಯಾರ ಬಳಿಯಾದರೂ ಈ ಯಂತ್ರ ಇದ್ದರೆ ದಯವಿಟ್ಟು ಸುಮ್ನೆ ಪ್ಲಗ್ ಹಾಕಿ ನೋಡಬೇಡಿ. ಅವುಗಳ ಹೊರಕವಚ ವರ್ಷಗಳಲ್ಲಿ ಬಿರುಕು ಬಿಡುತ್ತದೆ, ಒಳಗಿನ ಕಾಗದ ತೇವ ಹೀರುತ್ತದೆ, ಸ್ವಿಚ್ ಹಾಕಿ ನೀವು ಖುಷಿಪಡುತ್ತಿರುವಾಗ ದಟ್ಟ ಹೊಗೆ ಏಳುತ್ತದೆ. ಆ ವಾಸನೆ ಮೂರು ದಿನ ಪರದೆ ಬಟ್ಟೆಯಿಂದ ಹೋಗುವುದಿಲ್ಲ.

ಈಗ ಪೈ ವಿಷಯ. ನೋಡಲು ಬರೀ ಕೀಬೋರ್ಡ್. ಕಂಪ್ಯೂಟರ್ ಎಲ್ಲ ಅದರ ಹೊಟ್ಟೆಯೊಳಗೆ, ಸ್ಪೆಕ್ಟ್ರಂ ಇದ್ದ ಹಾಗೇ. 4 ಗಿಗಾಬೈಟ್ ಮೆಮೊರಿ. ನನ್ನ 48 ಕಿಲೊಬೈಟಿನ ಸ್ಪೆಕ್ಟ್ರಂಗೆ ಹೋಲಿಸಿದರೆ ಸುಮಾರು 87,000 ಪಟ್ಟು. ಒಳಗೆ ಅಗಲವಾದ ಲೋಹದ ತಟ್ಟೆಯೊಂದು ಬಿಸಿಯನ್ನು ಹರಡುತ್ತದೆ, ಫ್ಯಾನ್ ಇಲ್ಲ, ಸದ್ದೇ ಇಲ್ಲ. ಹಿಂಭಾಗದಲ್ಲಿ ಎಲ್ಲ ಪೋರ್ಟುಗಳೂ ಒಂದೇ ಸಾಲಿನಲ್ಲಿವೆ, ಜೊತೆಗೆ ನಾವೇ ತಂತಿ ಕಟ್ಟಿಕೊಳ್ಳಬಹುದಾದ 40 ಪಿನ್ನುಗಳ ಜಿಪಿಐಒ. ಬಿಡುಗಡೆಯಾದಾಗ ಬೆಲೆ 70 ಡಾಲರ್, ಮೌಸು, ಕೇಬಲ್ಲು, ಪುಸ್ತಕ ಸೇರಿದ ಕಿಟ್ 100 ಡಾಲರ್. ನಮ್ಮಲ್ಲಿಗೆ ಬರುವಾಗ ಅದಕ್ಕಿಂತ ಜಾಸ್ತಿಯೇ ಆಗುತ್ತದೆ.

ಕೀಗಳು ಹೇಗಿವೆ? ಸಾಧಾರಣ ಲ್ಯಾಪ್‌ಟಾಪಿನ ಹಾಗೆ. ಬಿಬಿಸಿ ಮೈಕ್ರೊದ ಕೀಬೋರ್ಡಿನಲ್ಲಿ ಬೆರಳಾಡಿಸಿದವರಿಗೆ ಇದು ಸಪ್ಪೆ. ರಬ್ಬರ್ ಸ್ಪೆಕ್ಟ್ರಂ ಬಳಸಿದವರಿಗೆ ಇದು ಸ್ವರ್ಗ. ಎರಡನ್ನೂ ಬಳಸಿದ ನನಗೆ ಪರವಾಗಿಲ್ಲ ಅನ್ನಿಸಿತು.

ಸಾಫ್ಟ್‌ವೇರ್ ಹಾಕಿಕೊಳ್ಳುವುದು ಒಂದು ಭಾನುವಾರದ ಕೆಲಸ. ಹಳೆಯ ಯಂತ್ರದ ಹಾಗೇ ನಟಿಸುವ ಪ್ರೋಗ್ರಾಂಗಳಿಗೆ ಎಮ್ಯುಲೇಟರ್ ಅನ್ನುತ್ತಾರೆ. ಸ್ಪೆಕ್ಟ್ರಂಗೆ ಫ್ಯೂಸ್, ಕಮಡೋರ್‌ಗೆ ವೈಸ್, ಎಂಎಸ್‌ಎಕ್ಸ್‌ಗೆ ಓಪನ್‌ಎಂಎಸ್‌ಎಕ್ಸ್, ಅಮಿಗಾಗೆ ಅಮಿಬೆರ್ರಿ. ಬಿಬಿಸಿಗೆ ಬಿ-ಎಮ್ ಅನ್ನುವುದಿದೆ, ಅದನ್ನು ಮಾತ್ರ ನಾನೇ ಕಂಪೈಲ್ ಮಾಡಬೇಕಾಯಿತು. ಇವುಗಳಿಗೆ ಮೂಲ ಯಂತ್ರದ ರೋಮ್ (ROM) ಫೈಲ್, ಅಂದರೆ ಅದರ ಚಿಪ್ಪಿನಲ್ಲೇ ಬರೆದಿಟ್ಟ ಪ್ರೋಗ್ರಾಂನ ಪ್ರತಿ ಬೇಕಾಗುತ್ತದೆ, ಹುಡುಕುವಾಗ ಹಕ್ಕುಗಳ ತಲೆನೋವು. ಸ್ಪೆಕ್ಟ್ರಂ ವಿಷಯದಲ್ಲಿ ಆ ತಲೆನೋವಿಲ್ಲ. 1986ರಲ್ಲಿ ಸಿಂಕ್ಲೇರ್ ಕಂಪ್ಯೂಟರುಗಳನ್ನು ಕೊಂಡುಕೊಂಡ ಆಮ್‌ಸ್ಟ್ರಾಡ್ ಕಂಪನಿ, ಎಮ್ಯುಲೇಟರಿನ ಜೊತೆ ರೋಮ್ ಹಂಚಲು ಆಮೇಲೆ ಒಪ್ಪಿಗೆ ಕೊಟ್ಟಿತ್ತು. ಏಕಾರ್ನ್‌ನವರು ಮಾಡಿದ ಆಪರೇಟಿಂಗ್ ಸಿಸ್ಟಮ್ ರಿಸ್ಕ್ ಓಎಸ್ ಕೂಡ ಇದರಲ್ಲಿ ಓಡುತ್ತದೆ, ಅದರಲ್ಲಿ ಬಿಬಿಸಿ ಬೇಸಿಕ್ ಇದೆ. ಎಮ್ಯುಲೇಟರ್ ಗಿಮ್ಯುಲೇಟರ್ ಏನೂ ಬೇಡ, ನೇರವಾಗಿ ಆ ಚಿಪ್ ಮೇಲೆಯೇ. ಎರಡು ಸಾಲಿನ ಪ್ರೋಗ್ರಾಂ ಬರೆದು ಓಡಿಸಿದಾಗ ಎಷ್ಟು ಬೇಗ ಮುಗಿಯಿತು ಅಂದರೆ, ಓಡಿತೋ ಇಲ್ಲವೋ ಅಂತ ಮತ್ತೊಂದು ಸಲ ಓಡಿಸಿ ನೋಡಿದೆ.

ಸ್ಪೆಕ್ಟ್ರಂನಲ್ಲಿ ಒಂದೊಂದು ಕೀಗೂ ಒಂದೊಂದು ಇಡೀ ಪದ ಇತ್ತು, ಪಿ ಒತ್ತಿದರೆ ಪ್ರಿಂಟ್ ಅಂತಲೇ ಬರುತ್ತಿತ್ತು, ಜೆ ಒತ್ತಿದರೆ ಲೋಡ್. ಪೈ ಕೀಗಳ ಮೇಲೆ ಅದೇನೂ ಬರೆದಿಲ್ಲ. ಆದರೂ ಮೊದಲ ದಿನ ಫ್ಯೂಸ್ ತೆರೆದಾಗ ಬೆರಳು ತಾನಾಗಿಯೇ ಜೆ ಒತ್ತಿ ಉದ್ಧರಣ ಚಿಹ್ನೆಗೆ ಹೋಯಿತು. ನಿನ್ನೆ ಊಟಕ್ಕೆ ಏನು ತಿಂದೆ ಅನ್ನುವುದು ನೆನಪಿರಲ್ಲ, ಇದು ನೆನಪಿದೆ.

ಇನ್ನು ಕೊರತೆಗಳು. ಹೆಡ್‌ಫೋನ್ ಸಿಕ್ಕಿಸುವ ತೂತಿಲ್ಲ. ಸದ್ದು ಬೇಕಾದರೆ ಮಾನಿಟರಿನಿಂದಲೇ ಬರಬೇಕು, ನನ್ನ ಮಾನಿಟರಿಗೆ ಸ್ಪೀಕರ್ ಇಲ್ಲ. ಹಳೆಯ ಟಿವಿಗೆ ಹಳದಿ ವೈರ್ ಹಾಕಲೂ ಆಗುವುದಿಲ್ಲ. ಎಸ್.ಪಿ. ರೋಡಿಗೆ ಹೋಗಿ ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ, ಹೆಬ್ಬೆರಳಷ್ಟು ಇದೆ, ಅದರಲ್ಲಿ ಮೈಕ್ ತೂತೂ ಇದೆ. ಈ ಮೈಕ್ ತೂತೇ ಆಮೇಲೆ ನನ್ನ ಮಾನ ಉಳಿಸಿದ್ದು.

ಎರಡನೆಯದು, ಆಟದ ಪರದೆ ಜಾರುವಾಗ ಸಣ್ಣಗೆ ತಡವರಿಸುತ್ತದೆ. ಇದು ಪೈ ತಪ್ಪಲ್ಲ. ಯುರೋಪಿನ ಈ ಯಂತ್ರಗಳು ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿದ್ದವು, ನಮ್ಮ ದೂರದರ್ಶನದ ಟಿವಿಗಳೂ ಅದೇ ಲೆಕ್ಕ. ಈಗಿನ ಕಂಪ್ಯೂಟರ್ ಮಾನಿಟರ್ 60 ಸಲ. ಐದು ಚಿತ್ರಕ್ಕೊಂದು ಎರಡು ಸಲ ತೋರಿಸಿ ಲೆಕ್ಕ ಸರಿದೂಗಿಸಬೇಕು, ಕಣ್ಣಿಗೆ ಅದು ಗೊತ್ತಾಗುತ್ತದೆ. ಹಾಲಿನ ಟಿವಿಗೆ ಹಾಕಿ 50ಕ್ಕೆ ಇಳಿಸಿದೆ, ಬೆಣ್ಣೆಯ ಹಾಗೆ ಜಾರಿತು. ಆದರೆ ಸಂಜೆ ಏಳರಿಂದ ಒಂಬತ್ತೂವರೆವರೆಗೆ ಆ ಟಿವಿ ನನ್ನದಲ್ಲ.

ಮೂರನೆಯದು ಕರೆಂಟು. ಸ್ಪೆಕ್ಟ್ರಂ ಅನ್ನು ವೈರ್ ಎಳೆದು ಆರಿಸುತ್ತಿದ್ದೆವು, ಸ್ವಿಚ್ಚೇ ಇರಲಿಲ್ಲ, ಏನೂ ಆಗುತ್ತಿರಲಿಲ್ಲ. ಪೈ ಹಾಗಲ್ಲ. ಬರೆಯುತ್ತಿರುವಾಗ ಕರೆಂಟ್ ಹೋಯಿತು, ಮೆಮೊರಿ ಕಾರ್ಡ್ ಕೆಟ್ಟಿತು, ಭಾನುವಾರದ ಕೆಲಸವೆಲ್ಲ ಇನ್ನೊಂದು ಭಾನುವಾರ ಮಾಡಿದೆ. ಎರಡನೇ ಕಾರ್ಡಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ, ಇಲ್ಲವಾದರೆ ಯುಎಸ್‌ಬಿ ಎಸ್‌ಎಸ್‌ಡಿಯಿಂದ ಓಡಿಸಿ.

ಹಳೆಯ ಜಾಯ್‌ಸ್ಟಿಕ್ ಬಿಟ್ಟಿರಲು ಆಗಲಿಲ್ಲ. ಆ ಒಂಬತ್ತು ಪಿನ್ನಿನ ಜಾಯ್‌ಸ್ಟಿಕ್ ಒಳಗೆ ಇರುವುದು ಬರೀ ಐದು ಸ್ವಿಚ್, ಒತ್ತಿದಾಗ ಗ್ರೌಂಡಿಗೆ ತಾಗುತ್ತವೆ ಅಷ್ಟೆ. ಅದನ್ನು ಜಿಪಿಐಒ ಪಿನ್ನುಗಳಿಗೆ ಕಟ್ಟಿ, ಪ್ರತಿ ಪಿನ್ನಿಗೂ ಒಂದು ಕೀ ಅಂತ ಒಂದೊಂದು ಸಾಲು ಬರೆದರೆ ಮುಗಿಯಿತು. ಪೈ 400ರಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ಬೇರೆ ರೆಟ್ರೊ ಡಬ್ಬಗಳು ಆಟ ಕೊಡುತ್ತವೆ, ತಂತಿ ಕಟ್ಟಲು ಬಿಡುವುದಿಲ್ಲ.

ಈಗ ಕ್ಯಾಸೆಟ್ಟು. ಆಗ ಪ್ರೋಗ್ರಾಂಗಳನ್ನು ಕಿರುಚುವ ಸದ್ದಾಗಿ ಮಾಮೂಲಿ ಟೇಪ್ ಕ್ಯಾಸೆಟ್ಟಿನಲ್ಲೇ ಉಳಿಸುತ್ತಿದ್ದೆವು. ಸಂಗ್ರಹ ಕಡಿಮೆ ಮಾಡುವವರಿಗೆ ನಾನು ಹೇಳುವುದು ಇದೊಂದೇ ಮಾತು: ಯಂತ್ರ ಕೊಡುವ ಮೊದಲು ನಿಮ್ಮ ಸ್ವಂತ ಕ್ಯಾಸೆಟ್ಟುಗಳನ್ನು ಹೊರತೆಗೆಯಿರಿ. ಅಂಗಡಿಯಲ್ಲಿ ಮಾರಿದ ಆಟಗಳನ್ನು ಯಾರೋ ಎಲ್ಲೋ ಉಳಿಸಿರುತ್ತಾರೆ. ನೀವು ಹದಿನಾಲ್ಕನೇ ವಯಸ್ಸಿನಲ್ಲಿ ಬರೆದ ಪ್ರೋಗ್ರಾಂ ನಿಮ್ಮಲ್ಲಿ ಮಾತ್ರ ಇದೆ. ನನ್ನ ಬಳಿ ಅಂಥದ್ದು ಹದಿನೇಳು ಕ್ಯಾಸೆಟ್ ಇದ್ದವು, ಉಡುಪಿಯ ಮಳೆಗಾಲಗಳನ್ನು ಕಂಡವು, ನಾಲ್ಕಕ್ಕೆ ಬೂಷ್ಟು ಹಿಡಿದಿತ್ತು. ಫ್ಲಾಪಿಗಳ ಕಥೆ ಕೇಳಬೇಡಿ.

ವಿಧಾನ ಸುಲಭ, ತಾಳ್ಮೆ ಬೇಕು. ಕ್ಯಾಸೆಟ್ ಪ್ಲೇಯರಿನ ಇಯರ್‌ಫೋನ್ ತೂತಿನಿಂದ ಆ ಸೌಂಡ್ ಕಾರ್ಡಿನ ಮೈಕ್ ತೂತಿಗೆ ವೈರು. ಆಡಾಸಿಟಿಯಲ್ಲಿ ರೆಕಾರ್ಡ್. ಫ್ಯೂಸ್ ಜೊತೆ ಬರುವ ಒಂದು ಸಣ್ಣ ಪ್ರೋಗ್ರಾಂ ಆ ಕಿರುಚಾಟವನ್ನು ಟೇಪ್ ಫೈಲ್ ಮಾಡಿ ಕೊಡುತ್ತದೆ. ಓದದಿದ್ದರೆ ಪ್ಲೇಯರಿನ ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು, ಸದ್ದು ಚೂಪಾಗುವವರೆಗೆ. ಅಂದು ರೆಕಾರ್ಡ್ ಮಾಡಿದ ಪ್ಲೇಯರಿನ ಹೆಡ್ ಎಷ್ಟು ಓರೆ ಇತ್ತೋ ಇಂದಿನದೂ ಅಷ್ಟೇ ಓರೆ ಆಗಬೇಕು. ಸ್ಪೆಕ್ಟ್ರಂ ಸೆಕೆಂಡಿಗೆ ಸುಮಾರು 1,500 ಬಿಟ್ ಓದುತ್ತಿತ್ತು, ಅಂದರೆ ಮೆಮೊರಿ ತುಂಬಲು ಐದು ನಿಮಿಷದ ಹತ್ತಿರ. ಇಷ್ಟು ಹೊತ್ತು ಆ ಸದ್ದು ಕೇಳಿಸಿಕೊಳ್ಳುವವರು ಮನೆಯಲ್ಲಿ ಬೇರೆ ಯಾರೂ ಇಲ್ಲದ ದಿನ ಮಾಡಿ.

ಹದಿಮೂರು ಬಂದವು. ಅದರಲ್ಲಿ ಒಂದು ಕನ್ನಡ ಬರೆಯುವ ಪ್ರೋಗ್ರಾಂ. ಸ್ಪೆಕ್ಟ್ರಂನಲ್ಲಿ ನಾವೇ ಬರೆದುಕೊಳ್ಳಬಹುದಾದ ಅಕ್ಷರ 21, ಒಂದೊಂದೂ ಎಂಟಕ್ಕೆ ಎಂಟು ಚುಕ್ಕಿ. ಅಷ್ಟರಲ್ಲಿ ಕ ಬರೆಯಬಹುದು, ಒತ್ತಕ್ಷರಕ್ಕೆ ಜಾಗ ಇಲ್ಲ. ಹಾಗಾಗಿ ಮೇಲೊಂದು ಕೆಳಗೊಂದು ಮನೆ ಅಂತ ಲೆಕ್ಕ ಹಾಕಿದ್ದೆ, ಅಂದರೆ 21ರಲ್ಲಿ ಹತ್ತೇ ಅಕ್ಷರ, ಒಂದು ಮನೆ ದಂಡ. ನೋಟ್‌ಬುಕ್ಕಿನ ಚೌಕಗಳಲ್ಲಿ ಪೆನ್ಸಿಲಿನಿಂದ ಚುಕ್ಕಿ ತುಂಬಿಸಿ, ಸಾಲು ಸಾಲಿಗೆ ಅಂಕಿ ಕೂಡಿ ಬರೆದದ್ದು. ಫ್ಯೂಸಿನಲ್ಲಿ ಓಡಿಸಿದೆ. ಕಪ್ಪು ಪರದೆ ಮೇಲೆ ಹಳದಿಯಲ್ಲಿ "ಕನ್ನಡ" ಅಂತ ಬಂತು, ನ ಒತ್ತು ಮಾತ್ರ ಡ ಕೆಳಗೆ ಹೋಗಿ ಕೂತಿತ್ತು. ಒಂದು ಅಂಕಿ ತಪ್ಪು. ಅಂದು ಯಾರೂ ಹೇಳಿರಲಿಲ್ಲ. ಸರಿಮಾಡಿದೆ, ಹತ್ತು ಸೆಕೆಂಡಿನ ಕೆಲಸ. ಅಂದ ಹಾಗೆ ಇಡೀ ಈ ಬರಹವನ್ನು ಪೈ 400ರಲ್ಲೇ ಟೈಪ್ ಮಾಡುತ್ತಿದ್ದೇನೆ. ಸೆಟ್ಟಿಂಗಿನಲ್ಲಿ ಭಾರತದ ಕೀಬೋರ್ಡುಗಳ ಪಟ್ಟಿಯಲ್ಲಿ ಕಗಪ ಸಿಗುತ್ತದೆ, ಬೇರೇನೂ ಇಳಿಸಿಕೊಳ್ಳಬೇಕಾಗಿಲ್ಲ.

ಮತ್ತೊಂದು ಕ್ಯಾಸೆಟ್ಟಿನ ವಿಷಯ ಹೇಳದಿದ್ದರೆ ಅಮ್ಮ ಬಿಡುವುದಿಲ್ಲ. ಖಾಲಿ ಕ್ಯಾಸೆಟ್ ಮುಗಿದಾಗ ಕೈಗೆ ಸಿಕ್ಕಿದ್ದರ ಮೇಲೆ ಸೇವ್ ಮಾಡುತ್ತಿದ್ದೆ. ಹಾಗೆ ಮಾಡಿದ್ದರಲ್ಲಿ ಒಂದು, ಅಮ್ಮ ದೇವಸ್ಥಾನದಲ್ಲಿ ಕೂತು ರೆಕಾರ್ಡ್ ಮಾಡಿಕೊಂಡಿದ್ದ ತಾಳಮದ್ದಲೆ. ಈ ವಿಷಯ ಮನೆಯಲ್ಲಿ ಇವತ್ತಿಗೂ ಎದ್ದು ಬರುತ್ತದೆ, ಮದುವೆ ಮುಂಜಿ ಯಾವುದಿದ್ದರೂ. ರೆಕಾರ್ಡ್ ಮಾಡುತ್ತಿದ್ದಾಗ ನನ್ನ ಪ್ರೋಗ್ರಾಂನ ಕಿರುಚಾಟ ನಿಂತಿತು, ಟಕ್ ಅಂತ ಸದ್ದಾಯಿತು, ನಡುವಿನಿಂದ ಭಾಗವತರ ಪದ ಶುರುವಾಯಿತು, ಹಿಂದೆ ಚೆಂಡೆ. ಹನ್ನೊಂದು ನಿಮಿಷ ಉಳಿದಿತ್ತು. ಶುಚಿ ಮಾಡಿ ಅಮ್ಮನಿಗೆ ಕಳಿಸಿದೆ. ಪೂರ್ತಿ ಕೇಳಿ ಫೋನ್ ಮಾಡಿದರು. "ಇದರ ಮೊದಲಿನ ಭಾಗ ಎಲ್ಲಿ ಉಂಟು ಮಾರಾಯ?"

ಯಂತ್ರಗಳು ಹೋದ ದಾರಿ ಬೇಗ ಹೇಳಿ ಮುಗಿಸುತ್ತೇನೆ. ರಬ್ಬರ್ ಸ್ಪೆಕ್ಟ್ರಂ ಮತ್ತೆ ಬ್ರಿಟನ್ನಿನ ಸ್ಪೆಕ್ಟ್ರಂ ಪ್ಲಸ್ ಹುಬ್ಬಳ್ಳಿಯ ಹುಡುಗನೊಬ್ಬನಿಗೆ. ರಾತ್ರಿ ಬಸ್ಸಿನಲ್ಲಿ ಬಂದ, ಸುತ್ತಿಕೊಂಡು ಹೋಗಲು ಮನೆಯಿಂದ ಕಂಬಳಿ ತಂದಿದ್ದ, ಬಂದವನೇ ಕೇಳಿದ್ದು "ಸರ, ಇದರ ಬಾಕ್ಸ್ ಐತೇನ್ರಿ?" ಇತ್ತು. ಕೊಟ್ಟೆ. ಆಮ್‌ಸ್ಟ್ರಾಡ್‌ನ ತೊಂದರೆ ಏನೆಂದರೆ ಅದಕ್ಕೆ ಕರೆಂಟು ಬರುವುದೇ ಅದರ ಮಾನಿಟರಿನಿಂದ. ಜೋಡಿ ಬಿಡಿಸುವ ಹಾಗಿಲ್ಲ, ಮಾನಿಟರ್ ಕಲ್ಲಿನಷ್ಟು ಭಾರ. ಅದನ್ನೂ ಅಮಿಗಾವನ್ನೂ ಚೆನ್ನೈನವರೊಬ್ಬರು ಕಾರಿನಲ್ಲಿ ಬಂದು ಒಯ್ದರು. ಅಮಿಗಾದ ಮೆಮೊರಿ ಬೋರ್ಡಿನ ಬ್ಯಾಟರಿ ಸೋರಿ ತಾಮ್ರದ ಗೆರೆಗಳೆಲ್ಲ ಹಸಿರಾಗಿದ್ದವು, ಅದನ್ನು ಮೊದಲೇ ಫೋಟೊ ತೆಗೆದು ತೋರಿಸಿದ್ದೆ. ಒಂದು ಕಮಡೋರ್ ಶಿವಮೊಗ್ಗಕ್ಕೆ ಕೊರಿಯರಿನಲ್ಲಿ ಹೋಯಿತು. ಅಲ್ಲಿ ತಲುಪುವಾಗ ಒಂದು ಕೀ ಮುರಿದಿತ್ತು. ಕೊರಿಯರಿನವರು ಪ್ಯಾಕಿಂಗ್ ಸರಿಯಿಲ್ಲ ಅಂದರು, ನಾನು ಎಸೆದಿದ್ದೀರಿ ಅಂದೆ, ನಿಜ ಹೇಳಬೇಕೆಂದರೆ ಕೀಬೋರ್ಡ್ ಮೇಲ್ಭಾಗಕ್ಕೆ ನಾನು ಒಂದೇ ಸುತ್ತು ಬಬಲ್ ಶೀಟ್ ಹಾಕಿದ್ದೆ. ಕೀಗಳ ಮೇಲೆ ಗಟ್ಟಿ ರಟ್ಟು ಇಡಿ. ಇನ್ನೊಂದು ಕಮಡೋರ್ ಸಂಗೀತದ ಹುಚ್ಚಿನವರೊಬ್ಬರಿಗೆ, ಅವರಿಗೆ ಬೇಕಾಗಿದ್ದದ್ದು ಅದರ ಸಿಡ್ ಅನ್ನುವ ಸದ್ದಿನ ಚಿಪ್ಪು. ಎರಡರ ಜೊತೆಗೂ ಹಳೆಯ ಪವರ್ ಸಪ್ಲೈ ಕೊಡಲಿಲ್ಲ. ಕಮಡೋರ್ 64ರ ಆ ಇಟ್ಟಿಗೆಯಂಥ ಸಪ್ಲೈಗಳು ವಯಸ್ಸಾದ ಮೇಲೆ 5 ವೋಲ್ಟ್ ಬದಲು ಜಾಸ್ತಿ ಬಿಟ್ಟು ಮೆಮೊರಿ ಚಿಪ್ಪುಗಳನ್ನು ಸುಡುತ್ತವೆ, ಇದು ಬಳಸುವವರಿಗೆಲ್ಲ ಗೊತ್ತಿರುವ ವಿಷಯ. ಅವನ್ನೂ ಹಳೆಯ ಟಿವಿಯನ್ನೂ ಅನುಮತಿ ಪಡೆದ ಇ-ತ್ಯಾಜ್ಯದವರಿಗೆ ಕೊಟ್ಟೆ. ಗುಜರಿಯವನು ಕೆಜಿ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆ ಅಂದ. ಟಿವಿ ಟ್ಯೂಬಿನ ಗಾಜಿನಲ್ಲಿ ಸೀಸ ಇರುತ್ತದೆ, ಎಲ್ಲೋ ಮೋರಿ ಪಕ್ಕ ಒಡೆದು ಹಾಕುತ್ತಾರೆ ಅಂತ ಕೊಡಲಿಲ್ಲ.

ಆ ಅರ್ಧ ಯಾವುದು ಅಂದರೆ ಡಿಬಿ ಸ್ಪೆಕ್ಟ್ರಂ ಪ್ಲಸ್. ಡೆಸಿಬೆಲ್ಸ್ ಅನ್ನುವ ಕಂಪನಿ 1986ರಲ್ಲಿ ಲೈಸೆನ್ಸ್ ಪಡೆದು ಇಲ್ಲಿ ತಂದದ್ದು, ಅಪ್ಪ ನನಗೆ ಕೊಡಿಸಿದ್ದು. ಅದು ಓಡುವುದಿಲ್ಲ. ಕೆಡಿಸಿದವನು ನಾನೇ. ಸ್ಪೆಕ್ಟ್ರಂ ಅಡಾಪ್ಟರಿನ ಪಿನ್ನಿನಲ್ಲಿ ನಡುವಿನದು ಮೈನಸ್, ಬೇರೆ ಹೆಚ್ಚಿನವುಗಳಲ್ಲಿ ಪ್ಲಸ್. ಅವಸರದಲ್ಲಿ ಬೇರೆ ಅಡಾಪ್ಟರ್ ಹಾಕಿದೆ. ಓಡುವ ಎರಡನ್ನು ಕೊಟ್ಟು ಕೆಟ್ಟದ್ದನ್ನು ಇಟ್ಟುಕೊಂಡದ್ದಕ್ಕೆ ಹುಬ್ಬಳ್ಳಿ ಹುಡುಗ ನಕ್ಕ. ಓಡಿಸುವುದಕ್ಕೆ ಪೈ ಇದೆಯಲ್ಲ, ಇಟ್ಟುಕೊಳ್ಳುವುದು ಯಾಕೆ ಓಡಬೇಕು? ಗೀಸರ್ ಪಕ್ಕ ಅದೊಂದು ಡಬ್ಬ, ಕ್ಯಾಸೆಟ್ಟುಗಳದ್ದು ಇನ್ನೊಂದು.

ಐದಕ್ಕೆ ನಾಲ್ಕು ಕೊಡುತ್ತೇನೆ. ಸದ್ದಿನ ತೂತಿಲ್ಲದ್ದಕ್ಕೆ ಅರ್ಧ, ಕೀಗಳಿಗೆ ಅರ್ಧ ಕಳೆದೆ. ಪೆಟ್ಟಿಗೆ ತೆರೆದ ತಕ್ಷಣ ಆಟ ಬೇಕು ಅನ್ನುವವರು ಇದನ್ನು ತಗೊಳ್ಳಬೇಡಿ, ಎರಡು ಭಾನುವಾರ ಹೋಗುತ್ತದೆ. ಈಗ ಕೊಳ್ಳುವುದಾದರೆ 2024ರ ಡಿಸೆಂಬರಿನಲ್ಲಿ ಬಂದ ಪೈ 500 ಇದೆ, 8 ಗಿಗಾಬೈಟ್, ವೇಗವೂ ಜಾಸ್ತಿ. ಅದರಲ್ಲೂ ಹೆಡ್‌ಫೋನ್ ತೂತಿಲ್ಲ. ಅಮಿಗಾ ಆಟಗಳೇ ನಿಮ್ಮ ಪ್ರಾಣ ಅಂದರೆ ಅದನ್ನು ನೋಡಿ, ಸ್ಪೆಕ್ಟ್ರಂ, ಕಮಡೋರ್‌ಗೆ 400 ಧಾರಾಳ ಸಾಕು. ಯಾವುದೇ ತಗೊಂಡರೂ ಮೈಕ್ರೊ ಎಚ್‌ಡಿಎಂಐ ಕೇಬಲ್ ಜೊತೆಗೇ ತಗೊಳ್ಳಿ. ಮನೆಯಲ್ಲಿರುವ ಮಾಮೂಲಿ ಕೇಬಲ್ ಹಿಡಿಯುವುದಿಲ್ಲ, ನಾನು ಅದಕ್ಕೊಂದು ಸಲ ಮತ್ತೆ ಎಸ್.ಪಿ. ರೋಡಿಗೆ ಹೋಗಿ ಬಂದೆ.